ಕೆಂಪಾಗದ ರಕ್ತ

ಒಂದೇ ಟಂಟಂ ಗಾಡಿಯಲ್ಲಿ ನಾಲ್ಕು ಜನರನ್ನು ಹೇರಿಕೊಂಡು ತಂದಿದ್ದರು. ಸೋಮವಾರ, ಬೆಳಗಿನ ಹತ್ತು ಗಂಟೆ ದಾಟಿತ್ತು. ಲಕ್ಷ್ಮೇಶ್ವರದ ಬಸ್ಸು ತಡವಾಗಿದ್ದರಿಂದ ನಾನು ಗದಗಿನ ನಮ್ಮ ಆಸ್ಪತ್ರೆಗೆ ಬಂದು ಏಪ್ರನ್ ಹಾಕಿಕೊಂಡು ಕಾಲು ಗಂಟೆಯೂ ಆಗಿರಲಿಲ್ಲ. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಆ ಹೊತ್ತಿಗೆ ವೈದ್ಯೆ ಎಂದು ಇದ್ದವಳು ನಾನೊಬ್ಬಳೇ. ಜೊತೆಗೆ ಒಬ್ಬರು ಹಿರಿಯ ಸಿಸ್ಟರ್, ಇನ್ನೊಬ್ಬಳು ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ.

ಬಂದವರು ಬೆಟಗೇರಿಯ ನೇಕಾರರ ಮನೆಯವರು. ಅರವತ್ತರ ಆಸುಪಾಸಿನ ಯಜಮಾನಿ, ಅವಳ ಗಂಡ, ಮೂವತ್ತು ದಾಟಿದ ಮಗ, ಐದು ವರ್ಷದ ಮೊಮ್ಮಗಳು. ನಾಲ್ವರ ತುಟಿಗಳೂ ನೇರಳೆ ಹಣ್ಣು ತಿಂದವರ ಹಾಗೆ ಆಗಿದ್ದವು. ಉಗುರು, ಕಿವಿಯ ತುದಿ, ಮೂಗಿನ ತುದಿ ಎಲ್ಲ ಬೂದಿ ಬೆರೆಸಿದ ನೀಲಿ. ಯಜಮಾನಿಗೆ ಅರೆಬರೆ ಎಚ್ಚರ. ಮಗ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಮಗು ಅಳುತ್ತಿತ್ತು, ಅದೊಂದೇ ಆಗ ನನಗೆ ಕೇಳಿಸಿದ ಒಳ್ಳೆಯ ಶಬ್ದ.

ಅವರ ಹಿಂದೆಯೇ ಒಬ್ಬ ದೃಢಕಾಯದ ಮನುಷ್ಯ ಕೂಗುತ್ತ ಒಳಗೆ ಬಂದ. ಯಜಮಾನಿಯ ತಮ್ಮನಂತೆ.

"ಎಣ್ಣಿ ಹಾಕ್ಯಾಳ್ರೀ ಮೇಡಂ! ಉಪ್ಪಿಟ್ಟಿನ್ಯಾಗ ಎಣ್ಣಿ ಹಾಕ್ಯಾಳ ಈ ಸೊಸಿ! ಮನಿಮಂದಿಗೆಲ್ಲಾ ಬಡಿಸಿ ತಾನೊಬ್ಬಾಕಿ ತಿಂದಿಲ್ಲ. ಹ್ವಾದ ವಾರ ಸಿಂಗಟಾಲೂರಿಗೆ ತವರಮನಿಗೆ ಹೋಗಿದ್ಲು, ಅಲ್ಲಿಂದಽ ತಂದಾಳ."

ನಮ್ಮ ಕಡೆ ಎಣ್ಣಿ ಎಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕ. ಸೊಸೆ ಬಾಗಿಲ ಬಳಿ ನಿಂತಿದ್ದಳು, ಬರಿಗಾಲಲ್ಲಿ. ನಾನು ಯಜಮಾನಿಯ ಕೈಯಲ್ಲಿ ರಕ್ತನಾಳ ಹುಡುಕುತ್ತಲೇ, ಎಲ್ಲರ ಎದುರಿಗೆ, ಸ್ವಲ್ಪ ಜೋರಾಗಿಯೇ ಕೇಳಿದೆ:

"ಏನರ ಹಾಕಿಯೇನಮ್ಮಾ? ಖರೆ ಹೇಳು."

"ಇಲ್ರೀ," ಎಂದಳು. ಅಷ್ಟೇ.

ಕಾವಲಿನವನಿಗೆ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲು ಹೇಳಿದೆ. ಕೊಠಡಿಯಲ್ಲಿ ಗದ್ದಲ ಕಡಿಮೆಯಾಗಲಿ ಎಂಬುದು ನನ್ನ ಉದ್ದೇಶವಾಗಿತ್ತು. ಆದರೆ ನೋಡಿದವರಿಗೆ ನಾನೂ ಅವಳನ್ನೇ ಅಪರಾಧಿ ಮಾಡಿದಂತೆ ಕಂಡಿರಬೇಕು.

ಮುಂಡರಗಿಯ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಎಣ್ಣಿ ಹೊಟ್ಟೆ ಸೇರಿದವರನ್ನು ನೋಡಿ ನೋಡಿ ನನ್ನ ಕೈ ತಾನಾಗಿಯೇ ಅದರ ಮದ್ದಾದ ಅಟ್ರೋಪಿನ್ ಕಡೆ ಹೋಗುತ್ತಿತ್ತು. ಅಂದೂ ಹೋಯಿತು. ಯಜಮಾನಿಗೆ ಮೊದಲ ಡೋಸ್ ಕೊಟ್ಟೇಬಿಟ್ಟೆ. ಮೊದಲೇ ಓಡುತ್ತಿದ್ದ ಅವಳ ನಾಡಿ ಇನ್ನೂ ಹುಚ್ಚು ಹಿಡಿದಂತೆ ಓಡತೊಡಗಿತು. ಎರಡನೆಯ ಡೋಸ್ ತುಂಬಿಕೊಂಡು ಬಂದ ಹೊಸ ಸಿಸ್ಟರ್‌ನ ಕೈ ಹಿಡಿದು ನಿಲ್ಲಿಸಿದೆ.

ಆಗಲೇ ನಾನು ಮೊದಲು ಮಾಡಬೇಕಿದ್ದ ಕೆಲಸ ಮಾಡಿದ್ದು: ರೋಗಿಯನ್ನು ಸರಿಯಾಗಿ ನೋಡಿದೆ. ಅಟ್ರೋಪಿನ್ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ, ಅದಕ್ಕೇ ಅದನ್ನು ಕೊಡದ ಉಳಿದ ಮೂವರ ಕಣ್ಣಿಗೆ ಟಾರ್ಚ್ ಬಿಟ್ಟೆ. ಎಣ್ಣಿಯಾಗಿದ್ದರೆ ಪಾಪೆ ಸೂಜಿಮೊನೆಯಷ್ಟು ಕುಗ್ಗಿರಬೇಕಿತ್ತು, ಮೂವರಲ್ಲೂ ಸಹಜವಾಗಿತ್ತು. ಬಾಯಿಂದ ಜೊಲ್ಲಿಲ್ಲ, ಮೈ ಬೆವರಿನಲ್ಲಿ ತೊಯ್ದಿಲ್ಲ, ಎದೆಯಲ್ಲಿ ಗೊರಗೊರ ಇಲ್ಲ. ಆ ಮೂಗಿಗೆ ಹೊಡೆಯುವ ವಾಸನೆಯೂ ಇಲ್ಲ. ಶ್ವಾಸಕೋಶ ಶುಭ್ರವಾಗಿದೆ, ಮುಖವಾಡದಿಂದ ಆಮ್ಲಜನಕ ಸುಯ್ಯೆಂದು ಹೋಗುತ್ತಿದೆ, ಆದರೂ ಮೈ ನೀಲಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರ ನಾಲ್ವರಲ್ಲೂ ಎಂಬತ್ತೈದರ ಹತ್ತಿರವೇ ತೋರಿಸುತ್ತಿತ್ತು. ಆಮ್ಲಜನಕ ಎಷ್ಟು ಹೆಚ್ಚಿಸಿದರೂ ಅಲ್ಲಿಂದ ಕದಲುತ್ತಿರಲಿಲ್ಲ.

"ಮಷೀನ್ ಕೆಟ್ಟಿರಬೇಕ್ರಿ," ಎಂದು ಹೊಸ ಸಿಸ್ಟರ್ ಅದನ್ನು ತನ್ನ ಬೆರಳಿಗೆ ಹಾಕಿಕೊಂಡಳು. ತೊಂಬತ್ತೊಂಬತ್ತು.

ಅಷ್ಟರಲ್ಲಿ ಹಿರಿಯ ಸಿಸ್ಟರ್ ಯಜಮಾನಿಯ ರಕ್ತ ತೆಗೆಯುತ್ತಿದ್ದರು. ಸಿರಿಂಜನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು.

"ಮೇಡಂ, ಇದ ನೋಡ್ರಿ. ರಕ್ತ ಏನ್ರಿ ಇದು?"

ಸಿರಿಂಜಿನಲ್ಲಿದ್ದದ್ದು ಕುದಿಸಿ ಇಳಿಸಿದ ಬೆಲ್ಲದ ಪಾಕದ ಬಣ್ಣದ್ದು. ಒಂದು ಬಿಳಿ ಗಾಜ್ ಬಟ್ಟೆ ತರಿಸಿ ಅದರ ಮೇಲೆ ಒಂದು ಹನಿ ಹಾಕಿದೆ. ನನ್ನದೇ ಬೆರಳು ಚುಚ್ಚಿಕೊಂಡು ಪಕ್ಕದಲ್ಲಿ ಇನ್ನೊಂದು ಹನಿ ಇಟ್ಟೆ. ಗಾಳಿ ತಾಗುತ್ತಲೇ ನನ್ನ ಹನಿ ಕೆಂಪಗೆ ಬೆಳಗಿತು. ಅವಳದು ಕಂದಾಗಿಯೇ ಉಳಿಯಿತು. ಎಷ್ಟು ಬೀಸಿದರೂ ಕಂದೇ.

ಇದನ್ನು ನಾನು ಓದಿದ್ದೆ, ಕಂಡಿರಲಿಲ್ಲ. ಕೆಲವು ರಾಸಾಯನಿಕಗಳು ರಕ್ತದಲ್ಲಿರುವ ಕಬ್ಬಿಣದ ಗುಣವನ್ನೇ ಬದಲಿಸಿಬಿಡುತ್ತವೆ. ಆಮೇಲೆ ಆ ರಕ್ತ ಆಮ್ಲಜನಕವನ್ನು ಹೊರುವುದಿಲ್ಲ. ಮನುಷ್ಯ ಉಸಿರಾಡುತ್ತಲೇ ಇರುತ್ತಾನೆ, ಒಳಗೊಳಗೇ ಉಸಿರು ಕಟ್ಟುತ್ತಿರುತ್ತದೆ. ಕಾರಣ ಯಾವುದಾದರೂ ಔಷಧಿಯಿರಬಹುದು, ಕೆಟ್ಟ ಬಾವಿಯ ನೀರಿರಬಹುದು, ಬಣ್ಣದ ಕೆಲಸದ ರಾಸಾಯನಿಕಗಳಿರಬಹುದು. ಬಣ್ಣ ಎಂಬ ಮಾತು ತಲೆಗೆ ಬಂದದ್ದೇ, ಇವರು ನೇಕಾರರು ಎಂಬುದು ನೆನಪಾಗಿ ಹೊರಗೆ ಹೋದೆ.

ವಿಷದ ಪ್ರಕರಣವೆಂದು ಬಂದಿದ್ದ ಹವಾಲ್ದಾರ ಸೊಸೆಯ ಮುಂದೆ ನಿಂತು ಹೆಸರು, ಊರು ಬರೆದುಕೊಳ್ಳುತ್ತಿದ್ದ. ಅವನನ್ನು ಎರಡು ನಿಮಿಷ ಆಚೆ ಕಳಿಸಿ ನಾನು ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತೆ.

"ಉಪ್ಪಿಟ್ಟು ಹೆಂಗ ಮಾಡಿದಿ, ಮೊದಲಿಂದ ಹೇಳು. ಒಂದೂ ಬಿಡಬ್ಯಾಡ."

ಅವಳು ನನ್ನ ಮುಖ ನೋಡಲಿಲ್ಲ. ರವೆ ಹುರಿದದ್ದು, ಉಳ್ಳಾಗಡ್ಡಿ ಹೆಚ್ಚಿದ್ದು, ಎಸರಿಟ್ಟದ್ದು ಒಂದೊಂದಾಗಿ ಹೇಳಿದಳು. ಆಮೇಲೆ ತಡೆದಳು.

"ಉಪ್ಪ ತೀರಿತ್ರಿ. ಬಣ್ಣದ ಕೋಣ್ಯಾಗಿಂದ ತಂದ್ನಿ."

"ಬಣ್ಣದ ಕೋಣ್ಯಾಗ ಉಪ್ಪು ಯಾಕ ಇರತೈತಿ?"

"ನೂಲಿಗೆ ಬಣ್ಣ ಹಿಡಿಯಾಕ ಹಾಕ್ತಾರ್ರಿ. ಬಕೀಟಿನ್ಯಾಗ ತುಂಬಿಟ್ಟಿರತಾರ. ಅಡಗಿಮನ್ಯಾಗ ತೀರಿದ್ರ ಅಲ್ಲಿಂದಽ ತರೂದ್ರಿ, ಅತ್ತಿಯವರೂ ತರತಾರ."

"ನಿಮ್ಮ ಅತ್ತಿಯವರಿಗೆ ಯಾಕ ಎಲ್ಲಾರಕಿಂತ ಜಾಸ್ತಿ ಆಗೇತಿ?"

"ಉಪ್ಪು ಕಡಿಮಿ ಐತಿ ಅಂದ್ರು. ಅವರ ತಾಟಿಗೆ ಮ್ಯಾಲೆ ಚೂರು ಉದುರಿಸಿದ್ನಿ."

"ಮಗು?"

"ಕಹಿ ಐತಿ ಅಂತ ಎರಡ ತುತ್ತ ತಿಂದು ಒಲ್ಲೆ ಅಂದ್ಲು. ನಾನಽ ಬೈದು ಇನ್ನೊಂದ ತುತ್ತ ತಿನಿಸಿದ್ನಿ." ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. "ನಂದು ಸೋಮವಾರ್ರಿ, ಉಪಾಸ. ಅದಕ್ಕಽ ತಿಂದಿಲ್ಲ. ಯಾರಿಗೆ ಹೇಳಲಿ?"

ಒಳಗೆ ಬಂದು ಅವಳ ಮಾವನ ಮಂಚದ ಬಳಿ ನಿಂತೆ. ಮನೆಯಲ್ಲಿ ಬಣ್ಣದ ಕೆಲಸ ಅವನದೇ. ತುಟಿ ನೀಲಿಯಿದ್ದರೂ ಎಚ್ಚರವಾಗಿದ್ದ, ಹೆಂಡತಿಯ ಕಡೆಗೇ ನೋಡುತ್ತಿದ್ದ. ಬಕೀಟಿನಲ್ಲಿ ಏನಿತ್ತು ಎಂದು ಕೇಳಿದೆ. ಮೊದಲು ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖವಾಡವನ್ನು ತಾನೇ ಕಿತ್ತು ಕೆಳಗೆ ಎಳೆದ.

"ಉಪ್ಪಿನ ಬಕೀಟು ಬರಿದಾಗಿತ್ರಿ. ನೈಟ್ರೈಟಿನ ಚೀಲ ಹರಿದು ಸೋರಾಕಹತ್ತಿತ್ತು. ಶನಿವಾರ ಸಂಜೀಮುಂದ ನಾನಽ ಅದನ್ನ ಬಕೀಟಿಗೆ ಸುರುವಿದ್ನಿ." ಮತ್ತೆ ಹೆಂಡತಿಯ ಕಡೆ ತಿರುಗಿದ. "ಹೆಣ್ಣಮಕ್ಕಳಿಗೆ ಹೇಳೂದ ಮರತ್ನಿ ನಾ. ಮೇಡಂ, ಹೇಳೂದಽ ಮರತ್ನಿ."

ನೈಟ್ರೈಟ್ ಬಣ್ಣದ ಕೆಲಸದ ರಾಸಾಯನಿಕ, ರಕ್ತ ಕೆಡಿಸುವಂಥದ್ದು; ನೋಡಲು ಅದೂ ಉಪ್ಪಿನಂತೆಯೇ ಬೆಳ್ಳಗಿನ ಹರಳು. ನಾನು ಕೇಸ್ ಶೀಟಿನಲ್ಲಿ ಸೊಸೆ ಹೇಳಿದ್ದನ್ನೂ ಅವನು ಹೇಳಿದ್ದನ್ನೂ ಅವರವರ ಮಾತಿನಲ್ಲೇ ಬರೆದು, ವೇಳೆ ನಮೂದಿಸಿ, ಸಹಿ ಹಾಕಿದೆ. ಇದಕ್ಕೆ ಒಂದು ನಿಮಿಷ ಹಿಡಿಯಿತು. ಆ ನಿಮಿಷ ಬೇರೆ ಯಾವುದಕ್ಕಾದರೂ ಹೋಗಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಇದಕ್ಕೆ ಮದ್ದು ಒಂದೇ: ಮಿಥಿಲೀನ್ ಬ್ಲೂ. ಬಣ್ಣದ ಕೋಣೆಯಿಂದ ಬಂದ ವಿಷಕ್ಕೆ ಒಂದು ಬಣ್ಣವೇ ಪ್ರತಿವಿಷ. ನಮ್ಮ ಔಷಧಾಲಯಕ್ಕೆ ಫೋನ್ ಮಾಡಿದರೆ ಅಲ್ಲಿ ಇಲ್ಲ. ವಿಷಯ ತಿಳಿದ ಲ್ಯಾಬಿನ ತಂತ್ರಜ್ಞ ಓಡಿಬಂದು ಸ್ಲೈಡ್‌ಗಳಿಗೆ ಬಳಸುವ ಶೀಷೆಯನ್ನು ಮೇಜಿನ ಮೇಲಿಟ್ಟ.

"ಇದಽ ಅಲ್ರೀ ಮೇಡಂ? ಹೆಸರಂತೂ ಅದಽ ಐತಿ."

ಹೆಸರು ಅದೇ, ನಿಜ. ಆದರೆ ಅದು ಗಾಜಿನ ತುಂಡಿಗೆ ಹಾಕುವ ಬಣ್ಣ. ಅದರಲ್ಲಿ ಇನ್ನೇನು ಬೆರೆತಿದೆಯೋ, ಎಷ್ಟು ಸಲ ಮುಚ್ಚಳ ತೆಗೆದಿದ್ದಾರೋ. ಆ ಶೀಷೆಯನ್ನು ನಾನು ಒಂದು ಗಳಿಗೆ ಕೈಯಲ್ಲಿ ಹಿಡಿದೇ ನಿಂತಿದ್ದೆ. ನಂತರ ವಾಪಸು ಕೊಟ್ಟೆ.

ಶಸ್ತ್ರಚಿಕಿತ್ಸಕರು ಒಳಗಿನ ಹುಣ್ಣು ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು ಇದೇ ಬಣ್ಣವನ್ನು, ಚುಚ್ಚುಮದ್ದಿನ ರೂಪದಲ್ಲಿ, ಬಳಸುತ್ತಾರೆ. ಊರಿನಲ್ಲಿ ನನಗೆ ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದೆ. ಮೂರನೆಯವರು, ಸ್ವಂತ ನರ್ಸಿಂಗ್ ಹೋಮ್ ಇಟ್ಟುಕೊಂಡ ವಯಸ್ಸಾದ ಸರ್ಜನ್, "ಒಂದ ಆಂಪೂಲ್ ಐತಿ ನೋಡ್ರಿ. ಮಧ್ಯಾಹ್ನದ ಆಪರೇಷನ್ನಿಗೆ ತಗದಿಟ್ಟಿದ್ದೆ. ಆಪರೇಷನ್ ನಾಳಿ ಮಾಡತೀನಿ, ಯಾರನ್ನರ ಕಳಸ್ರಿ," ಎಂದರು. ಹುಬ್ಬಳ್ಳಿಯ ಔಷಧಿ ವಿತರಕನೊಬ್ಬ ಇನ್ನೂ ನಾಲ್ಕು ಕೊಡಲು ಒಪ್ಪಿದ. ಅವನ್ನು ಗೋದಾಮಿನಿಂದ ತೆಗೆಸಿ ಕಾರಿನಲ್ಲಿ ಕಳಿಸಲು ಒಂದೂವರೆ ತಾಸಾದರೂ ಬೇಕು.

ಅಷ್ಟರಲ್ಲಿ ಯಜಮಾನಿಯ ತಮ್ಮ ಆಂಬುಲೆನ್ಸ್ ತರಿಸಿದ್ದ.

"ಇಲ್ಲಿ ಆಗೂದಿಲ್ರಿ ಇದು. ಅಕ್ಕನ್ನ ಹುಬ್ಬಳ್ಳಿಗೆ ಒಯ್ಯತೀವಿ. ನೀವು ಬರದ ಕೊಡ್ರಿ."

ಬರೆದುಕೊಟ್ಟಿದ್ದರೆ ನನ್ನ ಮೇಲೆ ಯಾವ ಮಾತೂ ಬರುತ್ತಿರಲಿಲ್ಲ. ರೋಗಿ ಗಂಭೀರ, ದೊಡ್ಡ ಆಸ್ಪತ್ರೆಗೆ ಕಳಿಸಿದರು, ದಾರಿಯಲ್ಲಿ ಹೋದರು. ಅಂಥ ಕಾಗದ ಯಾರೂ ಪ್ರಶ್ನಿಸುವುದಿಲ್ಲ. ಯಜಮಾನಿಯ ರಕ್ತದೊತ್ತಡ ಕೆಳಗಿತ್ತು, ಕೈಬೆರಳು ಅದುರಲು ಶುರುವಾಗಿತ್ತು. ಹುಬ್ಬಳ್ಳಿಯವರೆಗಿನ ಒಂದು ತಾಸನ್ನು ಆ ಕಂದು ರಕ್ತ ತಾಳುವುದಿಲ್ಲ ಎಂದು ನನಗೆ ಕಂಡಿತ್ತು. ಇನ್ನೊಂದು ಕಡೆ, ಈ ಮದ್ದು ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಕೊಟ್ಟರೆ ರಕ್ತಕಣಗಳೇ ಒಡೆದುಹೋಗುತ್ತವೆ. ಪರೀಕ್ಷೆ ಮಾಡಿಸಲು ಹೊತ್ತಿಲ್ಲ. ಮನೆತನದಲ್ಲಿ ಯಾರಿಗಾದರೂ ಗುಳಿಗೆ ತಿಂದ ಮೇಲೆ ಕಾಮಾಲೆಯಾಗಿತ್ತೇ, ಮೂತ್ರ ಕಪ್ಪಗೆ ಹೋಗಿತ್ತೇ ಎಂದು ಮಾವನನ್ನೂ ತಮ್ಮನನ್ನೂ ಕೇಳಿದೆ. ಇಲ್ಲ ಎಂದರು. ಆ 'ಇಲ್ಲ'ದ ಮೇಲೆಯೇ ನಿಂತುಕೊಳ್ಳಬೇಕಿತ್ತು.

ತಮ್ಮನ ತೋಳು ಹಿಡಿದು ಹೇಳಿದೆ: "ನಿಮ್ಮ ಸೊಸಿ ಎಣ್ಣಿ ಹಾಕಿಲ್ಲ. ಏನಾಗೇತಿ ಅಂತ ನನಗ ಗೊತ್ತಾಗೇತಿ, ಮದ್ದೂ ಗೊತ್ತೈತಿ. ಅದು ಇದಽ ಊರಾಗ ಐತಿ. ಗಾಡಿ ತಗೊಂಡು ಹೋಗಿ ತರ್ರಿ. ಹುಬ್ಬಳ್ಳಿ ದಾರಿ ಹಿಡದ್ರ ಅಕ್ಕ ನಿಮಗ ಸಿಗೂದಿಲ್ಲ."

ಅವನು ನನ್ನನ್ನೇ ನೋಡಿದ. ನಂತರ ನಾನು ಸರ್ಜನ್ ಅವರಿಗೆ ಬರೆದ ಚೀಟಿ ಕಿತ್ತುಕೊಂಡು ಓಡಿದ.

ಅವನು ಬರುವವರೆಗೆ ಇದ್ದುದರಲ್ಲೇ ದೂಡಬೇಕಿತ್ತು. ಯಜಮಾನಿಯ ಕಾಲು ಎತ್ತರಿಸಿ, ಎರಡೂ ಕೈಗೆ ಸಲೈನ್ ಹಚ್ಚಿದೆವು. ಎಲ್ಲರಿಗೂ ಆಮ್ಲಜನಕ. ಮದ್ದಿನಷ್ಟು ಬೇಗ ಕೆಲಸ ಮಾಡದಿದ್ದರೂ ಸ್ವಲ್ಪ ಆಸರೆಯಾದೀತೆಂದು ವಿಟಮಿನ್ ಸಿ. ಹೊಸ ಸಿಸ್ಟರ್ ಮಗುವನ್ನು ತೂಗಿಸಿ ಬಂದಳು: ಹದಿನಾರು ಕಿಲೋ. ಅಳು ಈಗ ನಿಂತಿತ್ತು. ಮಗು ತೂಕಡಿಸುತ್ತಿತ್ತು. ನನಗೆ ಹೆದರಿಕೆ ಹುಟ್ಟಿದ್ದು ಆಗ.

ಆಂಪೂಲ್ ಬಂತು, ಬೆರಳುದ್ದದ ಗಾಜಿನ ಶೀಷೆ. ಹತ್ತು ಎಂಎಲ್, ಒಟ್ಟು ನೂರು ಮಿಲಿಗ್ರಾಂ. ಕಿಲೋಗೆ ಒಂದು ಮಿಲಿಗ್ರಾಂ ಎಂದರೂ ನಾಲ್ವರಿಗೆ ಸಾಲದು. ಯಜಮಾನಿಗೆ ಅರವತ್ತು, ಮಗುವಿಗೆ ಹದಿನಾರು, ಉಳಿದ ಇಪ್ಪತ್ನಾಲ್ಕು ಕೈಯಲ್ಲಿರಲಿ. ತಂದೆ ಮಗ ಇಬ್ಬರೂ ಹುಬ್ಬಳ್ಳಿಯ ಕಾರಿಗೆ ಕಾಯಬೇಕು. ಇದನ್ನು ಅವರಿಬ್ಬರ ಮಂಚದ ನಡುವೆ ನಿಂತು ಇದ್ದಂತೆಯೇ ಹೇಳಿದೆ. ಮಗ ಕಣ್ಣು ಮುಚ್ಚಿಕೊಂಡೇ ಕೈ ಬೀಸಿದ, ಮೊದಲು ಅವರಿಗೆ ಎಂಬಂತೆ.

ಮದ್ದನ್ನು ಡೆಕ್ಸ್‌ಟ್ರೋಸಿನಲ್ಲೇ ಬೆರೆಸಬೇಕು. ಸಲೈನಿನಲ್ಲಿ ಬೆರೆಸಿದರೆ ಗಸಿ ಕೂರುತ್ತದೆ. ಹಿರಿಯ ಸಿಸ್ಟರ್ ಬೆರೆಸಿ ಕೊಟ್ಟರು, ನಾನು ಗಡಿಯಾರ ನೋಡುತ್ತ ಐದು ನಿಮಿಷ ಹಿಡಿದು ನಿಧಾನಕ್ಕೆ ಒತ್ತಿದೆ. ಗಾಢ ನೀಲಿ ದ್ರವ ನಳಿಕೆಯ ಉದ್ದಕ್ಕೂ ಹರಿದು ಅವಳ ತೋಳು ಸೇರಿತು. ಸೇರುತ್ತಲೇ ಯಂತ್ರದ ಅಂಕಿ ಎಂಬತ್ತೈದರಿಂದ ಜಾರಿತು. ಎಂಬತ್ತು, ಎಪ್ಪತ್ನಾಲ್ಕು, ಅರವತ್ತೆಂಟು.

"ಏನ್ ಮಾಡಿದ್ರೀ? ಅಕ್ಕನ್ನ ಕೊಂದ್ರಿ!" ಬಾಗಿಲಲ್ಲಿ ನಿಂತಿದ್ದ ಯಜಮಾನಿಯ ತಮ್ಮ ಚೀರಿದ.

ಈ ನೀಲಿಯೇ ಯಂತ್ರದ ಕಣ್ಣಿಗೆ ಮಣ್ಣೆರಚುತ್ತದೆ ಎಂದು ಓದಿದ್ದೆ. ಅದು ನನಗೆ ಗೊತ್ತಿತ್ತು. ಅಂಕಿ ನೋಡುವುದನ್ನು ಬಿಟ್ಟು ಅವಳ ತುಟಿ ನೋಡುತ್ತ ನಿಂತೆ. ಹಿರಿಯ ಸಿಸ್ಟರ್ ಮಗುವಿನ ಡೋಸ್ ಹಿಡಿದುಕೊಂಡು ನನ್ನ ಸನ್ನೆಗೆ ಕಾಯುತ್ತಿದ್ದರು. ಸನ್ನೆ ಮಾಡಿದೆ.

ಮೊದಲು ಬಣ್ಣ ತಿರುಗಿದ್ದು ಮಗುವಿಗೆ. ಹತ್ತು ನಿಮಿಷ ಆಗಿರಬಹುದು, ಉಗುರಿನ ಬುಡದಲ್ಲಿ ತೆಳ್ಳಗೆ ಗುಲಾಬಿ ಗೆರೆ ಮೂಡಿತು. ಅದು ಮೇಲೇರಿತು. ಮಗು ಕಣ್ಣು ಬಿಟ್ಟು ನಮ್ಮೆಲ್ಲರನ್ನೂ ಅನುಮಾನದಿಂದ ನೋಡಿ ಕೇಳಿತು:

"ನಮ್ಮವ್ವ ಎಲ್ಲಿ?"

ಹೊಸ ಸಿಸ್ಟರ್ ನಾನು ಹೇಳುವುದಕ್ಕೂ ಕಾಯದೆ ಹೊರಗೆ ಓಡಿದಳು. ಸೊಸೆ ಒಳಗೆ ಬಂದಾಗ ಯಾರೂ ತಡೆಯಲಿಲ್ಲ. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಅತ್ತೆಯ ಮಂಚದ ಕಡೆ ನೋಡಲು ಅವಳಿಗೆ ಧೈರ್ಯ ಸಾಲದಂತೆ ಕಂಡಿತು.

ಅತ್ತೆಯ ಬಣ್ಣವೂ ತಿರುಗಿತ್ತು, ರಕ್ತದೊತ್ತಡ ಏರಿತ್ತು. ಗೆದ್ದೆವು ಅಂದುಕೊಂಡೆವು. ಆದರೆ ಮುಕ್ಕಾಲು ತಾಸಿನೊಳಗೆ ಅವಳ ತುಟಿ ಮತ್ತೆ ಕಪ್ಪಿಟ್ಟಿತು. ಹೊಟ್ಟೆಯಲ್ಲಿ ಉಳಿದದ್ದು ಇನ್ನೂ ರಕ್ತಕ್ಕೆ ಸೇರುತ್ತಿತ್ತು. ಅದೇ ಹೊತ್ತಿಗೆ ಮಗನ ವಾಂತಿ ಜೋರಾಯಿತು, ಕೈಕಾಲು ತಣ್ಣಗಾಗತೊಡಗಿದವು. ನನ್ನ ಬಳಿ ಇದ್ದದ್ದು ಇಪ್ಪತ್ನಾಲ್ಕು ಮಿಲಿಗ್ರಾಂ. ಇಬ್ಬರಿಗೂ ಹಂಚಿದರೆ ಇಬ್ಬರಿಗೂ ಸಾಲುವುದಿಲ್ಲ.

ಅವನ ರಕ್ತದೊತ್ತಡ ಇನ್ನೊಮ್ಮೆ ನೋಡಿದೆ. ಕೆಳಗಿದೆ, ಆದರೆ ನಿಂತಿದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಾನೆ. ಅತ್ತೆ ಕೊಡುತ್ತಿಲ್ಲ. ಇಪ್ಪತ್ನಾಲ್ಕನ್ನೂ ಅತ್ತೆಗೆ ಕೊಟ್ಟೆ. ಸೊಸೆಗೆ ಹೇಳಬೇಕಾಗಿ ಬಂತು: "ನಿನ್ನ ಗಂಡಗ ಇನ್ನೊಂದ ಅರ್ಧ ತಾಸು ತಡೀಬೇಕಾಗತೈತಿ." ಅವಳು ತಲೆಯಾಡಿಸಿದಳು. ಮಗಳನ್ನು ಹಿರಿಯ ಸಿಸ್ಟರ್ ಕೈಗೆ ಕೊಟ್ಟು, ಗಂಡನ ಪಕ್ಕದಲ್ಲಿ ನಿಂತು ಬೇಸಿನ್ ಹಿಡಿದಳು. ಬೆಳಿಗ್ಗೆಯಿಂದ ಅವಳ ಪರ ಒಂದು ಮಾತೂ ಆಡಿರದ ಅವನು ಅವಳ ಮುಂಗೈ ಹಿಡಿದ, ಬಿಡಲಿಲ್ಲ.

ಹುಬ್ಬಳ್ಳಿಯ ಕಾರು ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ತಡವಾಗಿ ಬಂತು. ಆ ಇಪ್ಪತ್ತು ನಿಮಿಷಗಳಲ್ಲಿ ನಾನು ಎಷ್ಟು ಸಲ ಅವನ ನಾಡಿ ಮುಟ್ಟಿದೆನೋ ಲೆಕ್ಕವಿಲ್ಲ. ಆಮೇಲೆ ಎಲ್ಲ ಸರಾಗ. ಮಗನಿಗೆ, ಮಾವನಿಗೆ, ಸಂಜೆಯ ಹೊತ್ತಿಗೆ ಅತ್ತೆಗೆ ಇನ್ನೊಮ್ಮೆ. ಸಂಜೆ ತೆಗೆದ ರಕ್ತದ ಹನಿ ಬಿಳಿ ಬಟ್ಟೆಯ ಮೇಲೆ ಕೆಂಪಾಯಿತು. ಹಿರಿಯ ಸಿಸ್ಟರ್ ಅದನ್ನು ತೋರಿಸಿ ಚಹಾ ತರಿಸಲು ಹೋದರು.

ಮರುದಿನ ಮುಂಜಾನೆ ಮಾವನ ವಾರ್ಡಿನಿಂದ ಕರೆ ಬಂತು. ಮೂತ್ರ ಹಸಿರು ನೀಲಿಯಾಗಿ ಹೋಗುತ್ತಿದೆ ಎಂದು ಪಕ್ಕದ ಮಂಚದವರು ಗಾಬರಿಯಾಗಿದ್ದರು. ಮದ್ದಿನ ಬಣ್ಣ, ಎರಡು ದಿನದಲ್ಲಿ ಹೋಗುತ್ತದೆ ಎಂದೆ.

"ಹೋಗತೈತಿ ಅಂದ್ರ ಕಚ್ಚಾ ಬಣ್ಣ ಬಿಡ್ರಿ," ಎಂದ ಮಾವ. "ನಮ್ಮ ಮನ್ಯಾಗಾಗಿದ್ರ ಗಿರಾಕಿ ವಾಪಸ್ ತರತಿದ್ರು."

ನಕ್ಕ. ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ಹವಾಲ್ದಾರ ಬಂದಾಗ, ಯಜಮಾನಿಯ ತಮ್ಮ ಪಕ್ಕದಲ್ಲೇ ನಿಂತಿದ್ದಾಗ, ಬಕೀಟಿಗೆ ಸುರಿದವನು ನಾನು, ಹೇಳದೆ ಇದ್ದವನೂ ನಾನು ಎಂದು ಎರಡು ಸಲ ಹೇಳಿ ಬರೆಸಿದ. ಕಿಟಕಿಯ ಕಡೆ ಮುಖ ಮಾಡಿಕೊಂಡು ಆ ತಮ್ಮ ಅದನ್ನು ಕೇಳಿಸಿಕೊಂಡ. ಅವನು ಸೊಸೆಗೆ ತಪ್ಪಾಯಿತೆಂದು ಹೇಳಿದ್ದನ್ನು ನಾನು ಕಾಣಲಿಲ್ಲ. ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ವರಾಂಡದಲ್ಲಿ ತಿರುಗಿಸುತ್ತಿದ್ದುದನ್ನು ಮಾತ್ರ ಕಂಡೆ.

ಅತ್ತೆಗೆ ಪೂರ್ತಿ ಎಚ್ಚರವಾದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದವನು ಗಂಡನೇ. ಅವಳು ಆಮೇಲೆ ಸೊಸೆಯನ್ನು ಕರೆದು, "ನೀ ಉಪಾಸ ಇದ್ದಿ, ಛಲೋ ಆತು. ಇಲ್ಲಾಂದ್ರ ನಮ್ಮನ್ನ ಟಂಟಂಗೆ ಹಾಕಾಕ ಯಾರಿದ್ರು?" ಎಂದಳಂತೆ. ಇದನ್ನು ನನಗೆ ಹೇಳಿದ್ದು ಹೊಸ ಸಿಸ್ಟರ್.

ಶುಕ್ರವಾರ ನಾಲ್ವರನ್ನೂ ಮನೆಗೆ ಕಳಿಸಿದೆವು. ಗಂಡ ಆಟೋ ತರಲು ಹೋಗಿದ್ದ. ಸೊಸೆ ಕಾಗದಗಳಿಗಾಗಿ ನನ್ನ ಮೇಜಿನ ಮುಂದೆ ನಿಂತಿದ್ದಳು. ನಾಲ್ಕು ದಿನದಿಂದ ನನ್ನೊಳಗೆ ಒಂದು ಮಾತು ಉಳಿದಿತ್ತು. ಹೇಳಿಯೇಬಿಟ್ಟೆ.

"ಅವತ್ತು ಎಲ್ಲಾರ ಮುಂದ ನಿನಗ ಹಂಗ ಕೇಳಬಾರದಿತ್ತು ನಾ. ತಪ್ಪಾತು."

ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಕೇಳಿದ್ರಲ್ರಿ ನೀವು," ಎಂದಳು. "ಉಳದಾವ್ರು ಯಾರೂ ಕೇಳಲೇ ಇಲ್ಲ."

ಕಾಗದಗಳನ್ನು ಮಡಚಿ ಸೆರಗಿನೊಳಗೆ ಸೇರಿಸಿಕೊಂಡು, ಅತ್ತೆಯನ್ನು ಮೆಟ್ಟಿಲು ಇಳಿಸಲು ಹೋದಳು.